ಪಿಸಿಓಎಸ್ ಇರುವ ಮಹಿಳೆಯರಿಗೆ ತೂಕ ಇಳಿಕೆ ಹಾಗೂ ನೆರವು: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಮಹಿಳೆಯರಲ್ಲಿ ಋತುಚಕ್ರ ಏರುಪೇರಾಗಲು ಇರುವ ಕಾರಣಗಳಲ್ಲಿ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಬಹು ಸಾಮಾನ್ಯವಾದುದು. ಇದನ್ನು ಸಂಕ್ಷಿಪ್ತವಾಗಿ ಪಿಸಿಓಎಸ್ ಎಂದೂ, ಜನಬಳಕೆಯಲ್ಲಿ ಪಿಸಿಓಡಿ ಅಥವಾ ‘ನೀರುಗುಳ್ಳೆ’ ಎಂದೂ ಕರೆಯಲಾಗುತ್ತದೆ. ಸಂತಾನ ಪಡೆಯುವ ವಯಸ್ಸಿನ ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಈ ತೊಂದರೆ ಇರುವವರ ಪೈಕಿ ಶೇಕಡಾ 70ರಷ್ಟು ಮಂದಿಗೆ ಅದು ಪತ್ತೆಯೇ ಆಗಿರುವುದಿಲ್ಲ.

ಈ ತೊಂದರೆಯುಳ್ಳ ಮಹಿಳೆಯರಿಗೆ ‘ತೂಕ ಇಳಿಸಿ’ ಎಂಬ ಸಲಹೆ ಎಲ್ಲೆಡೆಯೂ ದೊರೆಯುತ್ತದೆ. ಎಷ್ಟು ಇಳಿಸಬೇಕು, ಹೇಗೆ ಇಳಿಸಬೇಕು, ಅದಕ್ಕೆ ಯಾರ ನೆರವು ಪಡೆಯಬೇಕು ಎಂಬ ವಿವರ ಮಾತ್ರ ದೊರೆಯುವುದು ವಿರಳ. ಕಡೂರು, ತರೀಕೆರೆ ಹಾಗೂ ತರೀಕೆರೆಯಿಂದ ಬೇರ್ಪಟ್ಟು ರಚನೆಯಾದ ಅಜ್ಜಂಪುರ ತಾಲ್ಲೂಕುಗಳ ಮಹಿಳೆಯರು ಮತ್ತು ಅವರ ಕುಟುಂಬದವರ ಉಪಯೋಗಕ್ಕಾಗಿ ಆ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಪಿಸಿಓಎಸ್ ಎಂದರೇನು?

1935ರಲ್ಲಿ ಅಮೆರಿಕದ ಷಿಕಾಗೊ ನಗರದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಅವರು ಏಳು ಮಹಿಳೆಯರಲ್ಲಿ ಕಂಡುಬಂದ ಲಕ್ಷಣಗಳನ್ನು ಆಧರಿಸಿ ಈ ಸಮಸ್ಯೆಯನ್ನು ವಿವರಿಸಿದರು. ಅಂಡಾಶಯದಲ್ಲಿ ಪೂರ್ಣವಾಗಿ ಬೆಳೆಯದೆ ಉಳಿದ ಅಂಡಕೋಶಗಳು ಸ್ಕ್ಯಾನಿಂಗ್‌ನಲ್ಲಿ ಸಣ್ಣ ಗುಳ್ಳೆಗಳಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಇವು ಗಡ್ಡೆಗಳಲ್ಲ. ಇವುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸುವ ಅಗತ್ಯವೂ ಇರುವುದಿಲ್ಲ.

ಸಮಸ್ಯೆಯ ಮೂಲವು ಹಾರ್ಮೋನುಗಳ ಅಸಮತೋಲನದಲ್ಲಿದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ಶರೀರವು ಸರಿಯಾಗಿ ಸ್ಪಂದಿಸದಿದ್ದಾಗ, ಮೇದೋಜೀರಕ ಗ್ರಂಥಿಯು ಇನ್ನೂ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಈ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಆಂಡ್ರೊಜೆನ್ ಎಂಬ ಹಾರ್ಮೋನಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಪರಿಣಾಮವಾಗಿ ಅಂಡಾಣು ಬಿಡುಗಡೆಯಾಗದೆ ಮುಟ್ಟು ತಡವಾಗುತ್ತದೆ. ಸೊಂಟ ಮತ್ತು ಹೊಟ್ಟೆಯ ಸುತ್ತ ಕೊಬ್ಬು ಶೇಖರವಾದಷ್ಟೂ ಇನ್ಸುಲಿನ್‌ನ ಪರಿಣಾಮ ಮತ್ತಷ್ಟು ಕುಗ್ಗುತ್ತದೆ. ಆದ್ದರಿಂದ ಇಂತಹ ಮಹಿಳೆಯರಲ್ಲಿ ತೂಕ ಬೇಗ ಏರುತ್ತದೆ, ಇಳಿಯುವುದು ಕಷ್ಟವಾಗುತ್ತದೆ. ಇದು ಸೋಮಾರಿತನದ ಫಲವೆಂದು ಭಾವಿಸುವುದು ತಪ್ಪು. ತೆಳ್ಳಗಿರುವ ಮಹಿಳೆಯರಲ್ಲಿಯೂ ಪಿಸಿಓಎಸ್ ಇರಬಹುದು.

ಯಾವಾಗ ವೈದ್ಯರನ್ನು ಕಾಣಬೇಕು?

ಈ ಕೆಳಕಂಡ ಲಕ್ಷಣಗಳಿದ್ದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ:

1. ಮುಟ್ಟು 35 ದಿನಗಳಿಗಿಂತ ತಡವಾಗಿ ಬರುವುದು ಅಥವಾ ವರ್ಷಕ್ಕೆ 8 ಬಾರಿಗಿಂತ ಕಡಿಮೆ ಬರುವುದು.
2. ಗಲ್ಲ, ಮೇಲ್ದುಟಿ, ಎದೆ ಅಥವಾ ಹೊಟ್ಟೆಯ ಮೇಲೆ ದಪ್ಪ ಕೂದಲು ಬೆಳೆಯುವುದು.
3. ಮೊಡವೆಗಳು ಬಹುಕಾಲ ವಾಸಿಯಾಗದಿರುವುದು. ನೆತ್ತಿಯ ಕೂದಲು ತೆಳುವಾಗುವುದು.
4. ಕತ್ತಿನ ಹಿಂಭಾಗ ಮತ್ತು ಕಂಕುಳಿನ ಚರ್ಮ ಕಪ್ಪಾಗಿ ದಪ್ಪವಾಗುವುದು.
5. ಕಡಿಮೆ ಅವಧಿಯಲ್ಲಿ ತೂಕ ಹೆಚ್ಚುವುದು. ಮದುವೆಯ ನಂತರ ಗರ್ಭಧಾರಣೆ ತಡವಾಗುವುದು.

ಗರ್ಭಿಣಿಯಲ್ಲದಿದ್ದರೂ 90 ದಿನಗಳವರೆಗೆ ಮುಟ್ಟು ಬಾರದಿದ್ದಲ್ಲಿ ಮತ್ತೂ ಕಾಯಬಾರದು. ಹಲವು ತಿಂಗಳುಗಳ ಕಾಲ ಮುಟ್ಟು ನಿಂತಾಗ ಗರ್ಭಕೋಶದ ಒಳಪದರವು ದಪ್ಪವಾಗುತ್ತಾ ಹೋಗುತ್ತದೆ. ಚಿಕಿತ್ಸೆಯಿಲ್ಲದೆ ಇದು ವರ್ಷಗಟ್ಟಲೆ ಮುಂದುವರಿದಲ್ಲಿ ಆ ಪದರದ ಕ್ಯಾನ್ಸರ್ ಉಂಟಾಗುವ ಸಂಭವ ಹೆಚ್ಚುತ್ತದೆ. ಮಧುಮೇಹ, ರಕ್ತದೊತ್ತಡ ಮತ್ತು ಗರ್ಭಾವಸ್ಥೆಯ ಮಧುಮೇಹದ ಅಪಾಯವೂ ಇವರಲ್ಲಿ ಅಧಿಕ. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ತಪಾಸಣೆಯನ್ನು ಮುಂದೂಡುವುದು ಈ ಕಾರಣದಿಂದ ಹಾನಿಕರ.

ಯಾವ ಪರೀಕ್ಷೆಗಳು ಬೇಕಾಗುತ್ತವೆ?

2003ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ನಡೆದ ತಜ್ಞರ ಸಭೆಯು ರೂಪಿಸಿದ ಮಾನದಂಡದ ಪ್ರಕಾರ, ಮುಟ್ಟಿನ ಏರುಪೇರು, ಆಂಡ್ರೊಜೆನ್ ಹೆಚ್ಚಳ ಹಾಗೂ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ಬದಲಾವಣೆ ಈ ಮೂರರಲ್ಲಿ ಎರಡು ಇದ್ದಲ್ಲಿ ಪಿಸಿಓಎಸ್ ಎಂದು ನಿರ್ಧರಿಸಲಾಗುತ್ತದೆ. ಮೊದಲೆರಡು ಸ್ಪಷ್ಟವಾಗಿದ್ದರೆ ಸ್ಕ್ಯಾನಿಂಗ್ ಕಡ್ಡಾಯವಲ್ಲ. ಋತುಮತಿಯಾಗಿ 8 ವರ್ಷ ತುಂಬದ ಹುಡುಗಿಯರಲ್ಲಿ ಸ್ಕ್ಯಾನಿಂಗ್ ವರದಿಯ ಆಧಾರದಿಂದ ಪಿಸಿಓಎಸ್ ಎಂದು ಹೇಳಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ತಿಳಿಸುತ್ತದೆ. ಆ ವಯಸ್ಸಿನಲ್ಲಿ ಅಂಡಾಶಯವು ಸಹಜವಾಗಿಯೇ ಹಾಗೆ ಕಾಣಬಹುದು.

ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆಗಳಿಂದಲೂ ಮುಟ್ಟು ತಡವಾಗುವುದರಿಂದ ಅವುಗಳ ರಕ್ತಪರೀಕ್ಷೆ ಅಗತ್ಯ. ಇದರೊಂದಿಗೆ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆ ಹಾಗೂ ಕೊಬ್ಬಿನಂಶವನ್ನು ಪರೀಕ್ಷಿಸಲಾಗುತ್ತದೆ.

ಎಷ್ಟು ತೂಕ ಇಳಿಸಬೇಕು?

ಭಾರತೀಯರಲ್ಲಿ ದೇಹ ತೂಕ ಸೂಚ್ಯಂಕವು 23ಕ್ಕೆ ತಲುಪಿದರೆ ಅಧಿಕ ತೂಕವೆಂದೂ, 25ಕ್ಕೆ ತಲುಪಿದರೆ ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರದಿರುವುದು ಒಳ್ಳೆಯದು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಸೂಚ್ಯಂಕ ದೊರೆಯುತ್ತದೆ.

ಉದಾಹರಣೆಗೆ, 150 ಸೆಂಟಿಮೀಟರ್ ಎತ್ತರ ಮತ್ತು 63 ಕಿಲೋಗ್ರಾಂ ತೂಕವಿರುವ ಮಹಿಳೆಯ ಸೂಚ್ಯಂಕ 28. ಇದನ್ನು 23ಕ್ಕಿಂತ ಕೆಳಗೆ ತರಲು ಸುಮಾರು 12 ಕಿಲೋಗ್ರಾಂ ಇಳಿಸಬೇಕಾಗುತ್ತದೆ. ಈ ಅಂಕಿಯನ್ನು ಕಂಡು ಅನೇಕರು ಪ್ರಯತ್ನವನ್ನೇ ಕೈಬಿಡುತ್ತಾರೆ. ಆದರೆ ಈಗಿರುವ ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಅನೇಕರಲ್ಲಿ ಮುಟ್ಟು ಸುಧಾರಿಸುತ್ತದೆ, ಅಂಡಾಣು ಬಿಡುಗಡೆಯಾಗತೊಡಗುತ್ತದೆ ಮತ್ತು ಸಕ್ಕರೆಯ ಹತೋಟಿ ಉತ್ತಮಗೊಳ್ಳುತ್ತದೆ. ಮೇಲಿನ ಉದಾಹರಣೆಯ ಮಹಿಳೆಗೆ ಮೊದಲ ಗುರಿ ಸುಮಾರು 3 ಕಿಲೋಗ್ರಾಂ ಮಾತ್ರ. ಇದನ್ನು ಆರು ತಿಂಗಳಲ್ಲಿ ಸಾಧಿಸಿದರೂ ಸಾಕು.

ತೂಕ ಇಳಿಯದಿದ್ದರೂ ಉತ್ತಮ ಆಹಾರ ಮತ್ತು ವ್ಯಾಯಾಮದಿಂದ ಹೃದಯ ಹಾಗೂ ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಉಂಟಾಗುತ್ತದೆ. ಮುಟ್ಟು ಮರಳಿದಾಗ ಗರ್ಭಧಾರಣೆಯೂ ಸಾಧ್ಯವಾಗುವುದರಿಂದ, ಮಗು ಬೇಡವೆನ್ನುವ ದಂಪತಿಗಳು ಗರ್ಭನಿರೋಧಕ ಕ್ರಮ ಅನುಸರಿಸತಕ್ಕದ್ದು.

ಆಹಾರ ಕ್ರಮ

ಪಿಸಿಓಎಸ್‌ಗೆಂದು ಯಾವುದೇ ಒಂದು ವಿಶೇಷ ಆಹಾರ ಪದ್ಧತಿಯು ಉಳಿದವುಗಳಿಗಿಂತ ಶ್ರೇಷ್ಠವೆಂದು ಸಾಬೀತಾಗಿಲ್ಲ. ಆದ್ದರಿಂದ ಮನೆಯ ಅಡುಗೆಯಲ್ಲಿಯೇ ಬದಲಾವಣೆ ಮಾಡಿಕೊಳ್ಳುವುದು ಸುಲಭ ಮತ್ತು ಕಡಿಮೆ ಖರ್ಚಿನದು.

1. ತಟ್ಟೆಯ ಅರ್ಧಭಾಗ ಸೊಪ್ಪು, ತರಕಾರಿ ಪಲ್ಯ ಹಾಗೂ ಕೋಸಂಬರಿ ಇರಲಿ. ಕಾಲು ಭಾಗ ಹುರುಳಿ, ಅವರೆ, ಹೆಸರುಕಾಳು, ಮೊಟ್ಟೆ ಅಥವಾ ಮೀನು ಇರಲಿ. ಉಳಿದ ಕಾಲು ಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ ಇರಲಿ.
2. ರಾಗಿಯಲ್ಲಿ ನಾರಿನಂಶವಿದೆ. ಆದರೆ ರಾಗಿಯನ್ನು ಎಷ್ಟು ತಿಂದರೂ ತೂಕ ಏರುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಎರಡು ಮುದ್ದೆ ಊಟ ಮಾಡುವವರು ಒಂದು ಮುದ್ದೆಗೆ ಇಳಿಸಿ, ಸೊಪ್ಪು ಕಾಳಿನ ಸಾರನ್ನು ಹೆಚ್ಚು ಬಳಸಬಹುದು. ಮುದ್ದೆಯ ನಂತರ ಪುನಃ ತಟ್ಟೆ ತುಂಬ ಅನ್ನ ಬಡಿಸಿಕೊಳ್ಳುವ ರೂಢಿಯನ್ನು ಬಿಡಬೇಕು.
3. ದಿನಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಅಥವಾ ಟೀ ಕುಡಿದರೆ ಸುಮಾರು 40 ಗ್ರಾಂ ಸಕ್ಕರೆ ದೇಹ ಸೇರುತ್ತದೆ. ದಿನಕ್ಕೆ 25 ಗ್ರಾಂ ಒಳಗೆ ಇರುವುದು ಉತ್ತಮ. ಬೆಲ್ಲವನ್ನೂ ಸಕ್ಕರೆಯಂತೆಯೇ ಪರಿಗಣಿಸಬೇಕು.
4. ಬೇಕರಿ ತಿನಿಸು, ಬೋಂಡ, ಬಜ್ಜಿ ಹಾಗೂ ಬಾಟಲಿ ಪಾನೀಯಗಳನ್ನು ದಿನನಿತ್ಯದ ಬಳಕೆಯಿಂದ ಕೈಬಿಡಬೇಕು. ತೆಂಗಿನಕಾಯಿ ಮನೆಯಲ್ಲೇ ಬೆಳೆಯುವುದಾದರೂ ಅದರ ಬಳಕೆಯಲ್ಲಿ ಮಿತಿ ಇರಲಿ.
5. ಬೆಳಗಿನ ಉಪಾಹಾರ ಬಿಟ್ಟು ಮಧ್ಯಾಹ್ನ ಅತಿಯಾಗಿ ಉಣ್ಣುವುದು, ಮನೆಯವರೆಲ್ಲರ ಊಟವಾದ ಮೇಲೆ ಉಳಿದುದನ್ನು ವ್ಯರ್ಥವಾಗಬಾರದೆಂದು ತಾನೇ ತಿನ್ನುವುದು ಇವೆರಡನ್ನೂ ನಿಲ್ಲಿಸಬೇಕು.

ವ್ಯಾಯಾಮ

ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ ಬಿರುಸಾಗಿ ನಡೆಯಬೇಕು. ತೂಕ ಇಳಿಸಲು ಇದನ್ನು ಕ್ರಮೇಣ ವಾರಕ್ಕೆ 250 ನಿಮಿಷಕ್ಕೆ ಏರಿಸುವುದು ಸೂಕ್ತ. ವಾರದಲ್ಲಿ ಎರಡು ದಿನ ಕುಳಿತು ಏಳುವುದು, ಭಾರ ಎತ್ತುವುದು ಮುಂತಾದ ಸ್ನಾಯುಬಲದ ವ್ಯಾಯಾಮವೂ ಬೇಕು. ಮಾತನಾಡಲು ಸಾಧ್ಯವಾಗುವ, ಆದರೆ ಹಾಡಲು ಸಾಧ್ಯವಾಗದ ವೇಗವು ಸರಿಯಾದ ನಡಿಗೆಯ ವೇಗವಾಗಿರುತ್ತದೆ.

ಗದ್ದೆ ತೋಟಗಳಲ್ಲಿ ದುಡಿಯುವ ಮಹಿಳೆಯರ ಶ್ರಮವೂ ವ್ಯಾಯಾಮವೇ ಆಗಿದೆ. ಆದರೆ ಅಡಿಕೆ ಸುಲಿಯುವುದು, ಹೊಲಿಗೆ, ಅಂಗಡಿ ಮತ್ತು ಕಚೇರಿ ಕೆಲಸಗಳಲ್ಲಿ ಗಂಟೆಗಟ್ಟಲೆ ಕುಳಿತೇ ಇರಬೇಕಾಗುತ್ತದೆ. ಅಂತಹವರು ಗಂಟೆಗೊಮ್ಮೆಯಾದರೂ ಎದ್ದು ಕೆಲವು ನಿಮಿಷ ಓಡಾಡಬೇಕು. ರಾತ್ರಿ ಸಾಕಷ್ಟು ನಿದ್ರೆ ಮಾಡುವುದೂ ಚಿಕಿತ್ಸೆಯ ಭಾಗವೇ. ಜೋರಾದ ಗೊರಕೆ ಮತ್ತು ಹಗಲು ತೂಕಡಿಕೆ ಇದ್ದಲ್ಲಿ ವೈದ್ಯರಿಗೆ ತಿಳಿಸಬೇಕು.

ಔಷಧಿಗಳು ಮತ್ತು ಎಚ್ಚರಿಕೆ

ಮೆಟ್‌ಫಾರ್ಮಿನ್ ಮಾತ್ರೆ ಮತ್ತು ಹಾರ್ಮೋನು ಮಾತ್ರೆಗಳನ್ನು ವೈದ್ಯರು ಅಗತ್ಯಕ್ಕೆ ಅನುಗುಣವಾಗಿ ನೀಡುತ್ತಾರೆ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಮತ್ತೊಬ್ಬರು ನುಂಗಬಾರದು. ‘ಒಂದು ತಿಂಗಳಲ್ಲಿ ಹತ್ತು ಕಿಲೋ ಇಳಿಕೆ’ ಎಂಬ ಜಾಹೀರಾತಿನ ಪುಡಿಗಳಿಗೆ ಹಣ ವ್ಯಯಿಸಬಾರದು. ತೂಕ ಇಳಿಸುವ ಚುಚ್ಚುಮದ್ದುಗಳನ್ನು ತಜ್ಞ ವೈದ್ಯರ ಸಲಹೆಯಿಲ್ಲದೆ ಬಳಸಬಾರದು. ಗರ್ಭಧಾರಣೆಯ ಅವಧಿಯಲ್ಲಿ ಅವು ಸಲ್ಲವು. ಪಿಸಿಓಎಸ್‌ಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಯಾರಾದರೂ ಹಾಗೆ ಸೂಚಿಸಿದಲ್ಲಿ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯತಕ್ಕದ್ದು.

ನೆರವು ಎಲ್ಲಿ ದೊರೆಯುತ್ತದೆ?

1. ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ: ಮೊದಲ ಭೇಟಿಗೆ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು. ತೂಕ ಮತ್ತು ರಕ್ತದೊತ್ತಡ ಪರೀಕ್ಷೆ ಹತ್ತಿರದ ಕೇಂದ್ರದಲ್ಲಿಯೇ ಆಗುತ್ತದೆ.
2. ಕಡೂರು ಮತ್ತು ತರೀಕೆರೆಯ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳು ಹಾಗೂ ಅಜ್ಜಂಪುರದ ಸರ್ಕಾರಿ ಆಸ್ಪತ್ರೆ: ಹೊರರೋಗಿ ವಿಭಾಗದಲ್ಲಿ ತಪಾಸಣೆ ಪಡೆಯಲು ಯಾವುದೇ ಯೋಜನೆಯ ಕಾರ್ಡು ಕಡ್ಡಾಯವಲ್ಲ. ಹಿಂದಿನ ಚೀಟಿ, ವರದಿಗಳು ಮತ್ತು ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದಿಟ್ಟುಕೊಂಡು ಹೋಗುವುದು ಉಪಯುಕ್ತ.
3. ಮೇಲ್ದರ್ಜೆಯ ಆಸ್ಪತ್ರೆಗಳು: ತಜ್ಞರ ಸಲಹೆ ಬೇಕಾದಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಅಥವಾ ತರೀಕೆರೆ ಭಾಗದವರಿಗೆ ಸಮೀಪವಾಗುವ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ತೆರಳಬಹುದು.
4. ಸ್ನೇಹ ಕ್ಲಿನಿಕ್: 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ಗೋಪ್ಯತೆ ಕಾಪಾಡಿ ಸಲಹೆ ನೀಡಲಾಗುತ್ತದೆ.
5. ಪ್ರಯಾಣ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗುರುತಿನ ಚೀಟಿ ಜೊತೆಯಲ್ಲಿರಬೇಕು.
6. ದೂರವಾಣಿ: ಆರೋಗ್ಯ ಸಹಾಯವಾಣಿ 104. ಮನೋಬೆಂಬಲಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416. ಕಿರುಕುಳಕ್ಕೆ ಒಳಗಾದ ಮಹಿಳೆಯರಿಗೆ 181.

ಮನಸ್ಸಿನ ಆರೋಗ್ಯ ಮತ್ತು ಕುಟುಂಬದ ಪಾತ್ರ

ಪಿಸಿಓಎಸ್ ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚಾಗಿ ಕಂಡುಬರುತ್ತವೆ. ಮುಖದ ಕೂದಲು, ಹೆಚ್ಚಿದ ಮೈತೂಕ, ಮಗುವಾಗದಿರುವುದು ಇವುಗಳ ಬಗ್ಗೆ ನೆಂಟರಿಷ್ಟರು ಆಡುವ ಮಾತು ಈ ನೋವನ್ನು ಹೆಚ್ಚಿಸುತ್ತದೆ. ಹಂಗಿಸುವುದರಿಂದ ಯಾರ ತೂಕವೂ ಇಳಿಯುವುದಿಲ್ಲ. ನೊಂದವರು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಎರಡು ವಾರಗಳಿಗೂ ಮಿಕ್ಕಿ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ನಿದ್ರೆ ಬಾರದಿರುವುದು ಕಂಡುಬಂದಲ್ಲಿ ವೈದ್ಯರಿಗೆ ತಿಳಿಸಬೇಕು. ಬದುಕು ಬೇಡವೆಂಬ ಆಲೋಚನೆ ಬಂದಲ್ಲಿ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ತೆರಳಬೇಕು ಅಥವಾ ಮೇಲ್ಕಂಡ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಬೇಕು.

ಪತಿ, ಅತ್ತೆ, ತಾಯಿ ಮತ್ತಿತರರು ಮಾಡಬಹುದಾದ ಸಹಾಯ ಸರಳವಾದುದು. ಆಕೆಗೊಬ್ಬಳಿಗೆ ಪ್ರತ್ಯೇಕ ಅಡುಗೆ ಮಾಡುವ ಬದಲು ಇಡೀ ಮನೆಯ ಅಡುಗೆಯಲ್ಲಿ ಎಣ್ಣೆ ಸಕ್ಕರೆ ಕಡಿಮೆ ಮಾಡಿದರೆ ಎಲ್ಲರಿಗೂ ಒಳಿತು. ನಡಿಗೆಗೆ ಬೇಕಾದ ಅರ್ಧ ಗಂಟೆ ಮನೆಗೆಲಸವನ್ನು ಉಳಿದವರು ವಹಿಸಿಕೊಳ್ಳಬೇಕು. ಮಗುವಾಗದಿದ್ದಲ್ಲಿ ಪತಿಯೂ ತಪಾಸಣೆಗೆ ಒಳಪಡಬೇಕು.

ಒಂಟಿಯಾಗಿ ಆರಂಭಿಸಿದ ನಡಿಗೆ ಕೆಲವೇ ದಿನಗಳಲ್ಲಿ ನಿಲ್ಲುವ ಸಂಭವವಿದೆ. 2000-01ರಿಂದ ರಾಜ್ಯದಲ್ಲಿ ಜಾರಿಯಲ್ಲಿರುವ ಸ್ತ್ರೀಶಕ್ತಿ ಗುಂಪುಗಳ ಸದಸ್ಯರು ತಮ್ಮ ಸಭೆಗಳ ದಿನ ಒಟ್ಟಾಗಿ ನಡೆಯುವುದು, ತಿಂಗಳಿಗೊಮ್ಮೆ ತೂಕ ಮತ್ತು ಸೊಂಟದ ಸುತ್ತಳತೆ ಬರೆದಿಡುವುದು ಮುಂತಾದ ಕ್ರಮಗಳನ್ನು ಖರ್ಚಿಲ್ಲದೆ ಕೈಗೊಳ್ಳಬಹುದು. ಗುಂಪಿನಲ್ಲಿ ಯಾರ ತೂಕವನ್ನೂ ಅವರ ಒಪ್ಪಿಗೆಯಿಲ್ಲದೆ ಗಟ್ಟಿಯಾಗಿ ಓದಬಾರದು.

ಪಿಸಿಓಎಸ್ ಒಂದು ಔಷಧಿ ಕ್ರಮದಿಂದ ಪೂರ್ಣವಾಗಿ ಹೋಗುವ ಕಾಯಿಲೆಯಲ್ಲ. ಆದರೆ ಹತೋಟಿಯಲ್ಲಿ ಇಡಬಹುದಾದುದು. ಸರಿಯಾದ ಚಿಕಿತ್ಸೆಯಿಂದ ಬಹುತೇಕ ಮಹಿಳೆಯರು ತಾಯಂದಿರಾಗುತ್ತಾರೆ. ಮೂರು ತಿಂಗಳಿನಿಂದ ಮುಟ್ಟು ಬಾರದಿರುವವರು ಮೊದಲು ತೂಕ ಇಳಿಸಿ ನಂತರ ವೈದ್ಯರನ್ನು ಕಾಣೋಣವೆಂದು ಕಾಯದೆ, ಈಗಲೇ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಭೇಟಿ ನೀಡಿ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.