ಮೊಣಕಾಲಿನ ಅಧ್ಯಯನಕ್ಕೆ ಸಾಕ್ಷಿ ಬೇಕಾದಾಗ

ಕಮಲಾಪುರದ ಕೆಂಪು ಬಾಳೆ ತೋಟಗಳಲ್ಲಿ ದುಡಿದು ಐವತ್ತೈದು ದಾಟಿದ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳಿ. ಮೊಣಕಾಲು ನೋವಿಗೆಂದು ಅವರು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗಿದ್ದಾರೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಮೊದಲ್ಗೊಂಡು ನಗರದಲ್ಲಿ ಇಂದು ಹಲವು ವೈದ್ಯಕೀಯ ಕಾಲೇಜುಗಳಿವೆ. ಇಂತಹ ಕಡೆ ಹೊಸ ಔಷಧಿಯ ಅಧ್ಯಯನಕ್ಕೆ ಸೇರುವಿರಾ ಎಂದು ರೋಗಿಯನ್ನು ಕೇಳುವ ಸಂದರ್ಭ ಬರಬಹುದು. ಹಲವು ಪುಟಗಳ ಪತ್ರ ಹಿಡಿದು ಆಕೆ ನಿಮ್ಮ ಮನೆಗೇ ಬರುತ್ತಾರೆ: "ಮಾಸ್ತರ್ರೀ, ಇದ್ರಾಗ ಏನ್ ಬರ್ದಾರ, ಓದಿ ಹೇಳ್ರಿ."

ಓದಲು ಬಾರದವರು ಸಮ್ಮತಿ ನೀಡುವಾಗ, ಅಧ್ಯಯನದೊಂದಿಗೆ ಸಂಬಂಧವಿಲ್ಲದ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ವಿವರಣೆಯ ಉದ್ದಕ್ಕೂ ಹಾಜರಿದ್ದು ಸಹಿ ಹಾಕಬೇಕೆಂದು ನಮ್ಮ ದೇಶದ ನಿಯಮ ಹೇಳುತ್ತದೆ. ಆ ಸಾಕ್ಷಿ ನೀವಾಗಬಹುದು. ಆದ್ದರಿಂದ ಆ ಪತ್ರದ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ನೋಡೋಣ.

ಮೊಣಕಾಲಿನಲ್ಲಿ ಮೂಳೆಗಳ ತುದಿಯನ್ನು ನುಣುಪಾದ ಮೃದ್ವಸ್ಥಿ ಹೊದ್ದುಕೊಂಡಿರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ, ಹೀಗಾಗಿ ಸವೆದರೆ ತಾನಾಗಿ ಸರಿಹೋಗುವುದು ಬಲು ಕಷ್ಟ. ನರಗಳೂ ಇಲ್ಲ. ನೋವು ಹುಟ್ಟುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ ಮುಂತಾದ ಕಡೆಗಳಿಂದ. ಎಕ್ಸ್-ರೇ ಚಿತ್ರದಲ್ಲಿ ಸವೆತ ಹೆಚ್ಚು ಕಂಡರೂ ಕೆಲವರಿಗೆ ನೋವು ಕಡಿಮೆ ಇರುತ್ತದೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ.

ಅಷ್ಟೇ ಅಲ್ಲ, ಈ ನೋವು ಏರಿಳಿಯುತ್ತದೆ. ಒಂದು ತಿಂಗಳು ಮೆಟ್ಟಿಲು ಹತ್ತಲಾಗದು, ಮುಂದಿನ ತಿಂಗಳು ಸಂತೆಗೆ ನಡೆದೇ ಹೋಗಬಹುದು. ಜನ ವೈದ್ಯರ ಬಳಿ ಹೋಗುವುದು ನೋವು ತೀರಾ ಏರಿದಾಗ. ಆಗ ಏನು ಕೊಟ್ಟರೂ, ಏನೂ ಕೊಡದಿದ್ದರೂ, ಅನೇಕರಿಗೆ ಕೆಲವು ವಾರಗಳಲ್ಲಿ ನೋವು ತನ್ನ ಎಂದಿನ ಮಟ್ಟಕ್ಕೆ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಹಿಂಜರಿಕೆ ಎನ್ನುತ್ತಾರೆ. ಔಷಧಿ ಸಿಕ್ಕಿತೆಂಬ ಭರವಸೆಯೂ ಇದಕ್ಕೆ ಸೇರಿಕೊಳ್ಳುತ್ತದೆ. "ಆ ಎಣ್ಣೆ ಹಚ್ಚಿದೆ, ಗುಣವಾಯಿತು" ಎಂಬ ಮಾತು ಸುಳ್ಳಲ್ಲ, ಆದರೆ ಅದು ಪುರಾವೆಯೂ ಅಲ್ಲ.

ಹಾಗಾದರೆ ಔಷಧಿಯ ನಿಜ ಗುಣ ತಿಳಿಯುವುದು ಹೇಗೆ? ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿಯನ್ನೂ ಇನ್ನೊಂದಕ್ಕೆ ಹಾಗೆಯೇ ಕಾಣುವ ಹುಸಿಮದ್ದನ್ನೂ ಕೊಡುತ್ತಾರೆ. ಯಾರಿಗೆ ಯಾವುದೆಂದು ರೋಗಿಗಾಗಲಿ ವೈದ್ಯರಿಗಾಗಲಿ ತಿಳಿದಿರುವುದಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 1583 ಮೊಣಕಾಲು ರೋಗಿಗಳ ಮೇಲೆ ಗ್ಲುಕೋಸಮಿನ್ ಮತ್ತು ಕಾಂಡ್ರಾಯ್ಟಿನ್‌ಗಳನ್ನು ಪರೀಕ್ಷಿಸಲಾಯಿತು. ಹುಸಿಮದ್ದು ನುಂಗಿದವರಲ್ಲೇ ಶೇಕಡ 60ರಷ್ಟು ಮಂದಿಗೆ ನೋವು ಐದನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ತಗ್ಗಿತ್ತು! ಹೋಲಿಕೆಯ ಗುಂಪು ಇಲ್ಲದಿದ್ದರೆ ಅಷ್ಟೂ ಕೀರ್ತಿ ಮಾತ್ರೆಗೆ ಸಲ್ಲುತ್ತಿತ್ತು.

ಹ್ಯೂಸ್ಟನ್ ನಗರದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ದಿಟ್ಟವಾದುದು. ಅಲ್ಲಿ ಕೆಲವರಿಗೆ ದುರ್ಬೀನು ತೂರಿಸಿ ಕೀಲನ್ನು ತೊಳೆದು ಶುಚಿಗೊಳಿಸಿದರು. ಕೆಲವರಿಗೆ ಚರ್ಮದ ಮೇಲೆ ಗಾಯವನ್ನಷ್ಟೇ ಮಾಡಿ ಹೊಲಿದರು. ಎರಡು ವರ್ಷ ಗಮನಿಸಿದರೂ ವ್ಯತ್ಯಾಸ ಕಾಣಲಿಲ್ಲ. ನಮಗೆ ಇಲ್ಲಿ ಮುಖ್ಯವಾದುದು ಬೇರೆಯೇ. ತನಗೆ ಹುಸಿ ಶಸ್ತ್ರಕ್ರಿಯೆಯಷ್ಟೇ ಆಗಬಹುದು, ಅದರಿಂದ ಮೊಣಕಾಲಿಗೆ ಪ್ರಯೋಜನವಾಗದು ಎಂಬುದನ್ನು ಪ್ರತಿ ರೋಗಿಯೂ ತನ್ನ ಕೈಯಾರೆ ಬರೆದುಕೊಡಬೇಕಿತ್ತು. ಅರ್ಹರಾಗಿದ್ದ 324 ಜನರಲ್ಲಿ 144 ಮಂದಿ ಒಲ್ಲೆ ಎಂದರು. ಸಮ್ಮತಿ ಪತ್ರ ಕೆಲಸ ಮಾಡಿತೆನ್ನಲು ನನಗೆ ಇದಕ್ಕಿಂತ ಒಳ್ಳೆಯ ಗುರುತು ಕಾಣದು.

ಕರ್ನಾಟಕದ್ದೂ ಒಂದು ಉದಾಹರಣೆ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯ ಆಕರಕೋಶಗಳಿಂದ ತಯಾರಿಸಿದ ಚುಚ್ಚುಮದ್ದಿಗೆ 2022ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ದೊರೆಯಿತು. ಅದರ ಮೂರನೇ ಹಂತದ ಪ್ರಯೋಗದಲ್ಲಿ 146 ರೋಗಿಗಳಿದ್ದರು. ಕೋಶಗಳು ಸಿಕ್ಕಿದ್ದು ಅವರಲ್ಲಿ ಒಂದು ಗುಂಪಿಗೆ ಮಾತ್ರ. ಉಳಿದವರದು ಹುಸಿಮದ್ದಿನ ಗುಂಪು.

ನಿಮ್ಮ ಮುಂದಿರುವ ಮಹಿಳೆಗೆ ಮೊದಲು ತಿಳಿಯಬೇಕಾದದ್ದು ಇದೇ: ಇದು ಚಿಕಿತ್ಸೆಯಲ್ಲ, ಅಧ್ಯಯನ. ಔಷಧಿ ಸಿಗದಿರಬಹುದು, ಸಿಕ್ಕರೂ ಅದು ಕೆಲಸ ಮಾಡದಿರಬಹುದು. ವೈದ್ಯರು ಹೀಗೆ ಬಿಡಿಸಿ ಹೇಳಿದರೇ ಎಂದು ಕಿವಿಗೊಟ್ಟು ಕೇಳಿ. ಬಳಿಕ ಆಕೆಯೇ ತನ್ನ ಮಾತಿನಲ್ಲಿ ಅದನ್ನು ಮರಳಿ ಹೇಳಲಿ. ತಲೆಯಾಡಿಸಿದ್ದನ್ನು ಸಮ್ಮತಿ ಎಂದು ತಿಳಿಯಬೇಡಿ, ತರಗತಿಯಲ್ಲಿ ಅದರ ಬೆಲೆ ನಿಮಗೆ ಗೊತ್ತೇ ಇದೆ.

ಎಷ್ಟು ಸಲ ನಗರಕ್ಕೆ ಬರಬೇಕು, ಬಸ್ಸಿನ ಖರ್ಚು ಮತ್ತು ತಪ್ಪಿದ ಕೂಲಿಗೆ ಏನು ಕೊಡುತ್ತಾರೆ, ಈಗ ನುಂಗುತ್ತಿರುವ ನೋವಿನ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿ. ನೋವನ್ನು ಅಳೆಯುವ ಪ್ರಶ್ನಾವಳಿಯನ್ನೂ ನೋಡಿ. ಹೆಚ್ಚಾಗಿ ಬಳಸುವ ವೋಮ್ಯಾಕ್ ಎಂಬುದರಲ್ಲಿ 24 ಪ್ರಶ್ನೆಗಳಿವೆ. ಕೆನಡಾದಲ್ಲಿ ಹುಟ್ಟಿದ ಅದು ಕಾರು ಹತ್ತಿ ಇಳಿಯುವ ಕಷ್ಟವನ್ನು ಕೇಳುತ್ತದೆ; ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವ ಕಷ್ಟವನ್ನು ಕೇಳುವುದಿಲ್ಲ.

2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಅನ್ವಯಿಸುವ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿದ್ದು, ಅವರಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಕಾನೂನು ಬಲ್ಲವರೂ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು. ಅದರಿಂದ ಎಂದಿನ ಚಿಕಿತ್ಸೆಗೆ ಅಡ್ಡಿಯಾಗಕೂಡದು. 2009ರ ಜೂನ್ 15ರಿಂದ ಇಂತಹ ಪ್ರಯೋಗಗಳನ್ನು ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲಾತಿಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆ ಕೇಳಿ ಪಡೆದರೆ, ಯಾವ ಔಷಧಿಯನ್ನು ಯಾವುದರೊಂದಿಗೆ ಹೋಲಿಸುತ್ತಿದ್ದಾರೆಂಬುದನ್ನು ಅಂತರ್ಜಾಲದಲ್ಲಿ ನೀವೇ ಓದಬಹುದು. ಸಹಿಯಾದ ಪತ್ರದ ಒಂದು ಪ್ರತಿ ಆಕೆಯ ಕೈಗೆ ಸೇರಬೇಕು. ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಅದರಲ್ಲಿದೆಯೇ ಎಂದು ನೋಡಿಕೊಳ್ಳಿ.