ಸತ್ತ ಇಲಿಯ ಸಾಕ್ಷಿ

ಪ್ರಯೋಗಾಲಯದ ಇಲಿಗಳನ್ನು ಹೇಗೆ ಸಾಕುತ್ತಾರೆ, ಹೊಸ ಔಷಧಿಯನ್ನು ಯಾವ ಲೆಕ್ಕದಲ್ಲಿ ಕೊಡುತ್ತಾರೆ ಎಂಬುದನ್ನು ಹಿಂದಿನ ಅಧ್ಯಾಯದಲ್ಲಿ ನೋಡಿದೆವು. 90 ದಿನ ಮದ್ದು ತಿಂದ ಇಲಿಯ ಕೊನೆಯ ದಿನ ಈ ಅಧ್ಯಾಯದ ವಿಷಯ. ಓದಲು ಹಿತವಾದ ಸಂಗತಿಯೇನಲ್ಲ. ಆದರೂ ಓದಬೇಕು, ನಾವು ನುಂಗುವ ಬಹುಪಾಲು ಮಾತ್ರೆಗಳ ಹಿಂದೆ ಇಂಥದೊಂದು ದಿನ ಇದೆ.

ಮೊದಲು ರಕ್ತ. 25 ಗ್ರಾಂ ತೂಗುವ ಚಿಕ್ಕ ಇಲಿಯ ಮೈಯಲ್ಲಿ ಇರುವುದೇ ಹೆಚ್ಚೆಂದರೆ 2 ಮಿಲಿಲೀಟರ್ ರಕ್ತ. ಅರಿವಳಿಕೆ ಕೊಟ್ಟು, ಪೂರ್ತಿ ಎಚ್ಚರ ತಪ್ಪಿದ ಮೇಲೆ ಹೃದಯದಿಂದಲೇ ಸೂಜಿಯಲ್ಲಿ ತೆಗೆದರೂ ಕೈಗೆ ಸಿಗುವುದು ಸುಮಾರು 1 ಮಿಲಿಲೀಟರ್, ಅಂದರೆ ಟೀ ಚಮಚದ ಐದನೇ ಒಂದು ಪಾಲು. ಅದರಲ್ಲಿ ಅರ್ಧ, ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಕೊಳವೆಗೆ ಹೋಗುತ್ತದೆ. ರಕ್ತಕಣ ಎಣಿಸುವುದು ಅದರಲ್ಲಿ. ಉಳಿದರ್ಧವನ್ನು ಹೆಪ್ಪುಗಟ್ಟಲು ಬಿಟ್ಟು ಯಂತ್ರದಲ್ಲಿ ಗರಗರ ತಿರುಗಿಸಿದರೆ ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ನಾಲ್ಕೈದು ಹನಿ, ಅಷ್ಟೇ. ಯಕೃತ್ತಿನ ಕಿಣ್ವಗಳು, ಮೂತ್ರಪಿಂಡದ ಹಾಲುಹವಾಲು ಹೇಳುವ ಯೂರಿಯಾ, ಕ್ರಿಯಾಟಿನಿನ್, ಸಕ್ಕರೆ, ಪ್ರೋಟೀನು ಎಲ್ಲವನ್ನೂ ಆ ಹನಿಗಳಲ್ಲೇ ಅಳೆಯಬೇಕು.

ಕೈ ತಪ್ಪುವುದೂ ಇಲ್ಲೇ. ಸಪೂರ ಸೂಜಿಯಲ್ಲಿ ಅವಸರದಿಂದ ಎಳೆದರೆ ಕೆಂಪುಕಣಗಳು ಒಡೆಯುತ್ತವೆ, ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಣದೊಳಗಿದ್ದ ಪೊಟ್ಯಾಸಿಯಮ್ಮು, ಎಎಸ್‌ಟಿ ಎಂಬ ಕಿಣ್ವ ಹೊರಚೆಲ್ಲಿ ಯಂತ್ರದಲ್ಲಿ ದೊಡ್ಡ ಅಂಕಿ ಮೂಡುತ್ತದೆ. ವರದಿ ಓದಿದವರು ಔಷಧಿಯಿಂದ ಯಕೃತ್ತು ಕೆಟ್ಟಿತು ಎಂದುಕೊಳ್ಳುತ್ತಾರೆ. ಕೆಟ್ಟದ್ದು ರಕ್ತ ತೆಗೆದವರ ಕೈ! ಇನ್ನೊಂದು ತೊಡಕು ಯಂತ್ರದ್ದು. ಮನುಷ್ಯರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪುಕಣಗಳಿದ್ದರೆ ಇಲಿಯಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು, ಗಾತ್ರದಲ್ಲಿ ಮಾತ್ರ ನಮ್ಮವಕ್ಕಿಂತ ಚಿಕ್ಕವು. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರಕ್ಕೆ ಇಲಿಯ ರಕ್ತ ಹಾಕಿದರೆ ಅದು ತಬ್ಬಿಬ್ಬಾಗಿ ಏನೋ ಒಂದು ಲೆಕ್ಕ ಕೊಡುತ್ತದೆ. ಅದಕ್ಕೇ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿನಿಂದಲೂ ನೋಡುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಕೆಲಸಕ್ಕೇ ಹುಟ್ಟಿದಂತಿದೆ.

ಆಮೇಲೆ ಶವಪರೀಕ್ಷೆ. ಮನುಷ್ಯರದ್ದಾದರೆ ಆಟಾಪ್ಸಿ, ಪ್ರಾಣಿಯದ್ದಾದರೆ ನೆಕ್ರಾಪ್ಸಿ. ಗ್ರೀಕ್ ಮೂಲದ ಈ ಎರಡರಲ್ಲಿ ಮೊದಲನೆಯದಕ್ಕೆ ಕಣ್ಣಾರೆ ಕಾಣುವುದು, ಎರಡನೆಯದಕ್ಕೆ ಸತ್ತದ್ದನ್ನು ನೋಡುವುದು ಎಂದರ್ಥ. ನಮ್ಮ ಪಶುವೈದ್ಯರ ಬಾಯಲ್ಲಿ ಎರಡೂ ಪೋಸ್ಟ್ ಮಾರ್ಟಮ್ಮೇ. ಮೈಮೇಲಿನ ರೋಮ, ಕಣ್ಣು, ಮೂಗು, ಬಾಲದಿಂದ ನೋಡಲು ಶುರುಮಾಡಿ ಒಳಗಿನ ಅಂಗಗಳನ್ನು ಒಂದೊಂದಾಗಿ ಬಿಡಿಸಿ ತೂಗುತ್ತಾರೆ. ಬರಿಗಣ್ಣಿಗೆ ಚೆನ್ನಾಗಿಯೇ ಕಾಣುವ ಯಕೃತ್ತು ತಕ್ಕಡಿಯಲ್ಲಿ ಹೆಚ್ಚು ತೂಗಿದರೆ, ಔಷಧಿಯನ್ನು ಅರಗಿಸಲು ಅದು ಹೆಣಗಿದೆ ಎಂಬ ಗುಮಾನಿಗೆ ಅಷ್ಟೇ ಸಾಕು. ದೀರ್ಘ ಪ್ರಯೋಗವಾದರೆ ಒಂದೊಂದು ಪ್ರಾಣಿಯಿಂದಲೂ ಸುಮಾರು 40 ಬಗೆಯ ಅಂಗಾಂಶಗಳನ್ನು ತೆಗೆದಿಡುವುದುಂಟು. ತೆಗೆದ ತುಂಡನ್ನು ತನ್ನ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಶ್ವಾಸಕೋಶಕ್ಕಾದರೆ ಒಳಗೇ ಫಾರ್ಮಲಿನ್ ತುಂಬಿ ಉಬ್ಬಿಸಬೇಕು, ಇಲ್ಲವಾದರೆ ಅದು ಮುದುಡಿಕೊಂಡು ಏನೂ ತಿಳಿಯುವುದಿಲ್ಲ. ವೃಷಣಕ್ಕೆ, ಕಣ್ಣಿಗೆ ಬೇರೆಯದೇ ದ್ರಾವಣ. ಗಟ್ಟಿಯಾದ ತುಂಡುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ತೆಳುವಾದ ಪದರಗಳಾಗಿ ಸೀಳಿ, ನೇರಳೆ-ಗುಲಾಬಿ ಬಣ್ಣ ಕಟ್ಟಿ ರೋಗವಿಜ್ಞಾನಿಯ ಮುಂದಿಡುತ್ತಾರೆ. ಪಿತ್ತಕೋಶ ಕಾಣುತ್ತಿಲ್ಲ ಎಂದು ಹೊಸಬರು ಗಾಬರಿಯಾಗುವುದುಂಟು. ಪ್ರಯೋಗಾಲಯದ ಚಿಕ್ಕ ಇಲಿಗೆ, ಅಂದರೆ ಮೌಸ್‌ಗೆ, ಪಿತ್ತಕೋಶವಿದೆ. ದೊಡ್ಡ ಇಲಿ ರ್ಯಾಟ್‌ಗೆ ಹುಟ್ಟಿನಿಂದಲೇ ಇಲ್ಲ.

ಇಷ್ಟಕ್ಕೂ ಇರುವ ಹೊತ್ತು ಕಡಿಮೆ. ಉಸಿರು ನಿಂತ ಕೂಡಲೇ ಜೀವಕೋಶದೊಳಗಿನ ಕಿಣ್ವಗಳು ಕೋಶವನ್ನೇ ಕರಗಿಸತೊಡಗುತ್ತವೆ. ಕರುಳಿನ ಒಳಪದರ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ರಾತ್ರಿ ಪಂಜರದಲ್ಲಿ ಸತ್ತು ಬೆಳಿಗ್ಗೆ ಕಣ್ಣಿಗೆ ಬಿದ್ದ ಇಲಿ ಅರ್ಧ ಸಾಕ್ಷಿ ಮಾತ್ರ. ಎರಡು ದಿನ ಯಾರೂ ನೋಡದಿದ್ದರೆ ಅದೂ ಇಲ್ಲ.

ಈ ಅಸಡ್ಡೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಲ್ಯಾಬೊರೇಟರೀಸ್ ಕಥೆ ಇದೆ. ಔಷಧಿ, ಕೀಟನಾಶಕ ಕಂಪನಿಗಳು ತಮ್ಮ ಪ್ರಾಣಿಪರೀಕ್ಷೆಗಳನ್ನು ಗುತ್ತಿಗೆ ಕೊಡುತ್ತಿದ್ದ ದೊಡ್ಡ ಸಂಸ್ಥೆ ಅದು. 1976ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿ ಏಡ್ರಿಯನ್ ಗ್ರಾಸ್ ಅಲ್ಲಿನ ಕಾಗದಪತ್ರ ಕೆದಕಿದರು. ದಾಖಲೆಗಳಲ್ಲಿ ‘ಟಿಬಿಡಿ’ ಎಂಬ ಮೂರಕ್ಷರ ಅಲ್ಲಲ್ಲಿ ಬರುತ್ತಿತ್ತು. ಕೇಳಿದರೆ, ‘ಪರೀಕ್ಷಿಸಲಾಗದಷ್ಟು ಕೊಳೆತಿದೆ’ ಎಂಬುದರ ಸಂಕೇತವಂತೆ. ಇಲಿಗಳಿದ್ದ ಒಂದು ಕೋಣೆಯಲ್ಲಿ ನೀರಿನ ವ್ಯವಸ್ಥೆ ಕೆಟ್ಟು ನೆಲವೆಲ್ಲ ಒದ್ದೆ. ಕೆಲಸಗಾರರು ಅದನ್ನು ‘ಜೌಗು’ ಎಂದೇ ಕರೆಯುತ್ತಿದ್ದರು. ಸತ್ತ ಇಲಿಗಳ ಬದಲಿಗೆ ಹೊಸವನ್ನು ತಂದಿಟ್ಟದ್ದು, ಮಾಡದ ಪರೀಕ್ಷೆಗೂ ಅಂಕಿ ಬರೆದದ್ದು ಒಂದೊಂದಾಗಿ ಹೊರಬಂತು. 1983ರಲ್ಲಿ ಅಲ್ಲಿನ ಮೂವರು ಅಧಿಕಾರಿಗಳು ವಂಚನೆಯ ಅಪರಾಧಿಗಳೆಂದು ತೀರ್ಪಾಯಿತು. ಅಷ್ಟರೊಳಗೆ, 1978ರ ಕೊನೆಗೆ, ‘ಉತ್ತಮ ಪ್ರಯೋಗಾಲಯ ಪದ್ಧತಿ’ಯ ನಿಯಮಗಳನ್ನು ಅಮೆರಿಕ ಪ್ರಕಟಿಸಿತ್ತು. ಯಾರು, ಯಾವ ದಿನ, ಯಾವ ಪ್ರಾಣಿಯನ್ನು ಪರೀಕ್ಷಿಸಿದರು ಎಂದು ಬರೆದು ಸಹಿ ಹಾಕಬೇಕು. ಮೇಣದ ಅಚ್ಚು, ಗಾಜಿನ ಪಟ್ಟಿ ಎಲ್ಲವನ್ನೂ ಕಾಪಿಡಬೇಕು. ಭಾರತ ಇದಕ್ಕೆಂದೇ 2002ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಸ್ಥಾಪಿಸಿತು. ನಿಯಮಗಳು ಬಂದದ್ದು ವಿಜ್ಞಾನ ಬೆಳೆದದ್ದರಿಂದಲ್ಲ, ಕೊಳೆತ ಇಲಿಗಳಿಂದ ಎಂದು ನನಗನ್ನಿಸುತ್ತದೆ.

ಪ್ರಾಣಿಯನ್ನು ಬಳಸಲೇಬೇಕೆ ಎಂಬ ಪ್ರಶ್ನೆ ಬೇರೆ, ಅದಕ್ಕೆ ಮುಂದಿನ ಅಧ್ಯಾಯವಿದೆ. ಇಲ್ಲಿ ಇಷ್ಟು ಹೇಳಬಹುದು. ಪ್ರಾಣಿಗಳ ಸಂಖ್ಯೆ ತಗ್ಗಿಸಬೇಕೆಂದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1959ರಲ್ಲೇ ಬರೆದರು. ಒಂದು ಶವಪರೀಕ್ಷೆ ಕೆಟ್ಟರೆ ಆ ಪ್ರಾಣಿ ಸುಮ್ಮನೆ ಸತ್ತಂತೆ. ಅದರ ಜಾಗಕ್ಕೆ ಮತ್ತೊಂದು ಬರಬೇಕಾಗುತ್ತದೆ.

ಈ ಕಸುಬು ನಮ್ಮ ನೆಲದಲ್ಲೂ ಒಮ್ಮೆ ದೊಡ್ಡ ಕೆಲಸ ಮಾಡಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರು ಜ್ವರ ಹಿಡಿದು ಮಲಗಿದರು. ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರ ಬಂದೇಬಿಟ್ಟಿತೆ ಎಂಬ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮುಸುವ, ಮಂಗಗಳ ಅಂಗಾಂಶ ತೆಗೆದು, ರೋಗಿಗಳ ರಕ್ತದೊಂದಿಗೆ ಪರೀಕ್ಷಿಸಿದರು. ಸಿಕ್ಕಿದ್ದು ಜಗತ್ತು ಅಲ್ಲಿಯವರೆಗೆ ಕಾಣದ ವೈರಸ್ಸು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ಆಮೇಲೆ ಗೊತ್ತಾಯಿತು. ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ ಇಲಾಖೆ ಇಂದಿಗೂ ಎಚ್ಚೆತ್ತುಕೊಳ್ಳುವುದು ಅದಕ್ಕೇ.

ಓದುಗರಿಗೆ ಒಂದೆರಡು ಮಾತು. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹೆಣ ಬಿಟ್ಟ ಉಣುಗುಗಳು ಸುತ್ತ ಹರಿದಾಡುತ್ತಿರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಿ. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ರಕ್ತ ಸೋರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು; ಯಾರಿಗೂ ಕೊಯ್ಯಲು ಬಿಡದೆ ಪಶುವೈದ್ಯರನ್ನು ಕರೆಸಿ, ಕಿವಿಯ ಒಂದು ಹನಿ ರಕ್ತದಿಂದಲೇ ಅವರು ಪತ್ತೆ ಮಾಡಬಲ್ಲರು. ಕಾರಣ ತಿಳಿಯದೆ ಸತ್ತ ನಾಟಿ ಕೋಳಿಯನ್ನು ಪರೀಕ್ಷೆಗೆ ಒಯ್ಯಬೇಕೆಂದು ವೈದ್ಯರು ಹೇಳಿದರೆ ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ಹಾಕಿ ಅಂದೇ ತಲುಪಿಸಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ನೀರಿನ ಹರಳುಗಳು ಜೀವಕೋಶಗಳನ್ನು ಒಡೆದುಬಿಡುತ್ತವೆ.