ಹಾಲುಹಲ್ಲಿನ ಹುಳುಕು ಮತ್ತು ಉಚಿತ ಚಿಕಿತ್ಸೆ

ಬಿದ್ದುಹೋಗುವ ಹಲ್ಲಿಗೆ ಡಾಕ್ಟರು ಯಾಕೆ ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ಹಾಲುಹಲ್ಲು ಬೀಳುವುದೇನೋ ನಿಜ. ಆದರೆ ದವಡೆಯ ಹಾಲುಹಲ್ಲುಗಳು ಬೀಳುವುದು ಹತ್ತು ಹನ್ನೆರಡನೆಯ ವಯಸ್ಸಿಗೆ. ಮೂರನೆಯ ವರ್ಷದಲ್ಲೇ ಅವು ಹುಳುಕು ಹಿಡಿದರೆ ಮಗು ಏಳೆಂಟು ವರ್ಷ ಅವುಗಳಿಂದಲೇ ಅಗಿಯಬೇಕು. ನೋವಿಗೆ ಊಟ ಸೇರುವುದಿಲ್ಲ, ನಿದ್ದೆ ಬಾರದು, ಶಾಲೆ ತಪ್ಪುತ್ತದೆ. ಅವಧಿಗೆ ಮುಂಚೆ ಕೀಳಿಸಿದರೆ ಪಕ್ಕದ ಹಲ್ಲು ವಾಲಿಕೊಂಡು, ಮುಂದೆ ಹುಟ್ಟುವ ಹಲ್ಲಿಗೆ ಜಾಗ ಸಾಲದಾಗುತ್ತದೆ.

ಹಲ್ಲಿನ ಚಿಕಿತ್ಸೆಯನ್ನು ಸರ್ಕಾರವೇ ಉಚಿತವಾಗಿ ಕೊಟ್ಟರೆ ಈ ತೊಂದರೆ ತಪ್ಪೀತೆ? ಇದಕ್ಕೆ ಸ್ಕಾಟ್ಲೆಂಡ್ ದೇಶದ ಅನುಭವದಲ್ಲಿ ಉತ್ತರವಿದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಆರಂಭವಾದದ್ದು 1948ರಲ್ಲಿ. ಅಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಆದರೂ 2003ರ ತಪಾಸಣೆಯಲ್ಲಿ, ಶಾಲೆಗೆ ಹೊಸದಾಗಿ ಸೇರಿದ ಐದು ವರ್ಷದ ನೂರು ಮಕ್ಕಳಲ್ಲಿ ಹುಳುಕು ಕಾಣದವರು ಸುಮಾರು 45 ಮಂದಿ ಮಾತ್ರ!

ಇದೇಕೆ ಹೀಗೆ? ಹುಳುಕು ಎಂದರೆ ಹಲ್ಲಿನೊಳಗೆ ಹುಳ ಸೇರಿಕೊಂಡದ್ದಲ್ಲ. ಹಲ್ಲಿಗಂಟಿದ ಸೂಕ್ಷ್ಮಜೀವಿಗಳು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಮೊದಲು ಒಸಡಿನ ಬಳಿ ಸುಣ್ಣದಂತಹ ಬಿಳಿ ಗುರುತು ಮೂಡುತ್ತದೆ. ಆಗ ನೋವಿರುವುದಿಲ್ಲ. ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜುತ್ತ, ಸಿಹಿ ಕಡಿಮೆ ಮಾಡಿದರೆ ಅದನ್ನು ಅಲ್ಲಿಗೇ ತಡೆಯಬಹುದು. ತೂತು ಬಿದ್ದ ಮೇಲೆ ತುಂಬಿಸಬೇಕು, ಇಲ್ಲವೆ ಕೀಳಿಸಬೇಕು. ನೋವು ಬಂದ ಮೇಲೆ ಆಸ್ಪತ್ರೆಗೆ ಹೋದರೆ, ಚಿಕಿತ್ಸೆ ಉಚಿತವಾದರೂ ಹುಳುಕು ಬಂದಾಗಿರುತ್ತದೆ.

ಸ್ಕಾಟ್ಲೆಂಡ್ ಆಸ್ಪತ್ರೆಯ ಕೆಲಸವನ್ನು ಮಕ್ಕಳಿದ್ದಲ್ಲಿಗೇ ಕೊಂಡೊಯ್ದಿತು. 2006ರಿಂದ ಚೈಲ್ಡ್‌ಸ್ಮೈಲ್ ಎಂಬ ಯೋಜನೆ ಬೆಳೆಯಿತು. ಶಿಶುವಿಹಾರಗಳಲ್ಲಿ ದೊಡ್ಡವರ ಎದುರಿನಲ್ಲಿ ದಿನವೂ ಹಲ್ಲುಜ್ಜಿಸಿದರು. ಮನೆಗೆ ಬ್ರಷ್ಷು, ಪೇಸ್ಟು ಕೊಟ್ಟರು. ಬಡವರು ಹೆಚ್ಚಿರುವ ಕಡೆಗಳಲ್ಲಿ ಮಕ್ಕಳ ಹಲ್ಲಿಗೆ ವರ್ಷಕ್ಕೆರಡು ಸಲ ಫ್ಲೋರೈಡ್ ಲೇಪ ಹಚ್ಚಿದರು. 2020ರ ಹೊತ್ತಿಗೆ ಹುಳುಕು ಕಾಣದ ಐದು ವರ್ಷದ ಮಕ್ಕಳು ನೂರಕ್ಕೆ 73ನ್ನು ದಾಟಿದರು. ಹಲ್ಲುಜ್ಜಿಸುವ ಖರ್ಚಿಗಿಂತ ಚಿಕಿತ್ಸೆಯಲ್ಲಿ ಉಳಿದ ಹಣವೇ ಹೆಚ್ಚಾಯಿತು. ಆದರೂ ಬಡವರ ಮಕ್ಕಳಲ್ಲಿ ಹುಳುಕು ಇಂದಿಗೂ ಹೆಚ್ಚೇ ಇದೆ.

ಇನ್ನು ನಮ್ಮ ಕಡೆಯ ಮಾತು. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ನೋಡಬೇಕೆಂಬುದು ನಿಯಮ. ಇದು ಗಡಿಯ ಎರಡೂ ಬದಿಗೆ ಒಂದೇ. ತಂಡ ಬರುವ ದಿನವನ್ನು ಅಂಗನವಾಡಿ ಟೀಚರನ್ನು ಕೇಳಿ ತಿಳಿದುಕೊಳ್ಳಿ. ಅವರು ಕೊಡುವ ಚೀಟಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿದ್ದೀತು. ಓದಲು ಬಾರದೆಂದು ಮಡಿಸಿಡಬೇಡಿ. ಓದಬಲ್ಲವರಿಂದ ಓದಿಸಿ, ಎಲ್ಲಿಗೆ, ಯಾವ ದಿನ ಹೋಗಬೇಕೆಂದು ಕೇಳಿ. ಮಗು ನೋವನ್ನು ಹೇಳುವುದು ಮನೆಮಾತಿನಲ್ಲಿ. ಅದನ್ನು ಡಾಕ್ಟರ ಭಾಷೆಗೆ ದಾಟಿಸುವುದು ಎರಡು ಭಾಷೆ ಬಲ್ಲ ನಿಮ್ಮ ಕೆಲಸ.

ಉಳಿದದ್ದು ಮನೆಯಲ್ಲಿ. ಮೊದಲ ಹಲ್ಲು ಮೂಡಿದಂದಿನಿಂದ ದಿನಕ್ಕೆರಡು ಬಾರಿ ನೀವೇ ಉಜ್ಜಿಸಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟು ಸಾಕು, ಉಗುಳುವುದನ್ನು ಕಲಿಸಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ಅನಂತಪುರದ ಕಡೆಯಂತೆ ಬಾವಿ, ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ, ಯಾವ ಪೇಸ್ಟು, ಎಷ್ಟು ಎಂಬುದನ್ನು ಡಾಕ್ಟರನ್ನೇ ಕೇಳಿ. ವಾರಕ್ಕೊಮ್ಮೆ ಮಗುವಿನ ಮೇಲ್ತುಟಿ ಎತ್ತಿ, ಬೆಳಕಿನಲ್ಲಿ ನೋಡಿ. ಬಿಳಿ ಗುರುತು ಕಂಡರೆ ನೋವಿಗಾಗಿ ಕಾಯಬೇಡಿ. ಉಚಿತ ಚಿಕಿತ್ಸೆಯ ಪೂರ್ಣ ಪ್ರಯೋಜನ ಸಿಗುವುದು ಆಗಲೇ.